ಪಂಪಿನ ಪೆಟ್ಟಿಗೆಗೆ ಪ್ರೋಗ್ರಾಂ ಬರೆಯುವಾಗ: ಕಂಪೈಲರ್ ಕೊಡುವ ಎಚ್ಚರಿಕೆಯನ್ನು ಓದಿದಿರಾ?

ಬೋರ್ಡೋ ದ್ರಾವಣ ತಯಾರಾದ ಮೇಲೆ ಚೂರಿಯನ್ನೋ ಕತ್ತಿಯನ್ನೋ ಚೆನ್ನಾಗಿ ಉಜ್ಜಿ ಅದರಲ್ಲಿ ಅದ್ದಿ ನೋಡುವ ಪದ್ಧತಿ ನಮ್ಮ ಬೆಳೆಗಾರರಿಗೆ ಹೊಸತೇನೂ ಅಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ಲೆಕ್ಕವನ್ನು ಸರಿಯಾಗಿಯೇ ಹಾಕಿರುತ್ತೇವೆ. ಆದರೂ ಸುಣ್ಣ ಸತ್ವ ಕಳೆದುಕೊಂಡಿದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ. ದ್ರಾವಣ ಇನ್ನೂ ಹುಳಿಯಾಗಿಯೇ ಇದೆ, ಮತ್ತಷ್ಟು ಸುಣ್ಣ ಬೇಕು ಎಂದು ಅದರ ಅರ್ಥ. ಗಮನಿಸಬೇಕಾದುದೇನೆಂದರೆ, ಆ ಕೆಂಪು ಕಂಡ ಮಾತ್ರಕ್ಕೆ ಸಿಂಪಡಣೆಯನ್ನು ಯಾರೂ ತಡೆಯುವುದಿಲ್ಲ. ಪಂಪು ಒತ್ತಿದರೆ ದ್ರಾವಣ ಬರುತ್ತದೆ, ಗೊನೆಗೂ ತಾಗುತ್ತದೆ. ಸುಡುವುದು ಆಮೇಲೆ.

ಈ ಸಲ ನಾವು ಬರೆಯಹೊರಟಿರುವುದು ದ್ರಾವಣದ ಬಗ್ಗೆ ಅಲ್ಲ, ಕಂಪ್ಯೂಟರ್ ಪ್ರೋಗ್ರಾಮಿನ ಬಗ್ಗೆ. ಬೆಳೆಗಾರರ ಪತ್ರಿಕೆಗೆ ಇದೆಲ್ಲಿಯ ವಿಷಯ ಎಂದು ಹಿರಿಯರು ಕೇಳಿಯಾರು. ಅಂಥವರು ಒಮ್ಮೆ ನೆರೆಹೊರೆಯ ಪಂಪುಮನೆಗಳ ಗೋಡೆಯನ್ನು ನೋಡಬೇಕು. ಸ್ಟಾರ್ಟರಿನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದರಿಂದ ಹೊರಟ ನಾಲ್ಕಾರು ವಯರುಗಳು, ಒಳಗೆ ಮಿಣುಕುವ ಒಂದು ದೀಪ. ಅಡಿಕೆ ತೋಟದ ಸ್ಪ್ರಿಂಕ್ಲರಿಗೆ ಸಮಯ ಹಿಡಿಯುವುದು, ಹನಿ ನೀರಾವರಿಯ ವಾಲ್ವುಗಳನ್ನು ಒಂದಾದ ಮೇಲೊಂದು ತೆರೆಯುವುದು, ಡ್ರೈಯರಿನ ಶಾಖ ನೋಡಿಕೊಳ್ಳುವುದು ಇವೆಲ್ಲ ಇಂಥ ಪೆಟ್ಟಿಗೆಗಳ ಕೆಲಸ. ಕಂಪನಿಯ ಮಾಲು ಕೊಳ್ಳುವವರು ಇದ್ದಾರೆ. ಎಂಜಿನಿಯರಿಂಗ್ ಓದುವ ಮಗನೋ ಮಗಳೋ ರಜೆಯಲ್ಲಿ ಬಂದು ಮಾಡಿಕೊಟ್ಟದ್ದನ್ನೇ ಕೂರಿಸಿಕೊಂಡವರೂ ಇದ್ದಾರೆ. ನಮಗೆ ಇದು ಸಂತೋಷದ ವಿಷಯವೇ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದಾಗ ಟಾರ್ಚು ಹಿಡಿದು ಕೆರೆಯ ಕಡೆಗೆ ಇಳಿದವರಿಗೆ ಈ ಪೆಟ್ಟಿಗೆಯ ಬೆಲೆ ಗೊತ್ತು.

ಪೆಟ್ಟಿಗೆಯ ಒಳಗಿರುವ ಮುಖ್ಯ ವಸ್ತು ಮೈಕ್ರೋಕಂಟ್ರೋಲರ್ ಎಂಬ ಚಿಪ್ಪು. ಹೆಚ್ಚು ಬಳಕೆಯಲ್ಲಿರುವುದು 2005 ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗೋಸ್ಕರ ಹುಟ್ಟಿಕೊಂಡ ಆರ್ಡುಯಿನೋ ಬಳಗದ ಬೋರ್ಡುಗಳು. ಆ ಪೈಕಿ ಬಹುಕಾಲ ನಡೆದುಬಂದ ಊನೋ ಬೋರ್ಡಿನಲ್ಲಿ ಎಟಿಮೆಗಾ 328ಪಿ ಎಂಬ ಚಿಪ್ಪು ಇರುತ್ತದೆ. ಪ್ರೋಗ್ರಾಂ ಇಡಲು ಅದರಲ್ಲಿರುವ ಜಾಗ 32 ಕಿಲೋಬೈಟ್, ಕೆಲಸ ಮಾಡುವಾಗ ಬೇಕಾಗುವ ನೆನಪಿನ ಜಾಗ ಬರೀ 2 ಕಿಲೋಬೈಟ್. ಈ ಲೇಖನದ ಮೊದಲ ಪ್ಯಾರಾವನ್ನು ಕನ್ನಡ ಅಕ್ಷರಗಳಲ್ಲಿ ತುಂಬಿಟ್ಟರೆ ಆ 2 ಕಿಲೋಬೈಟಿನ ಹೆಚ್ಚಿನ ಭಾಗ ತುಂಬಿಹೋಗುತ್ತದೆ.

ಇದಕ್ಕೆ ಪ್ರೋಗ್ರಾಮನ್ನು ನಾವು ಸಿ ಅಥವಾ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆಯುತ್ತೇವೆ. ಚಿಪ್ಪಿಗೆ ಆ ಭಾಷೆ ಬಾರದು. ನಾವು ಬರೆದದ್ದನ್ನು ಚಿಪ್ಪಿನ ಭಾಷೆಗೆ ತರ್ಜುಮೆ ಮಾಡುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಕಂಪೈಲರ್ ಎರಡು ಬಗೆಯ ಆಕ್ಷೇಪ ಎತ್ತುತ್ತದೆ. ಬರೆದದ್ದು ಅರ್ಥವೇ ಆಗದಿದ್ದರೆ ‘ಎರರ್’ ಎಂದು ಹೇಳಿ ತರ್ಜುಮೆಯನ್ನು ನಿಲ್ಲಿಸುತ್ತದೆ. ತಿದ್ದದೆ ಮುಂದೆ ಹೋಗುವಂತಿಲ್ಲ. ಅರ್ಥವಾಯಿತು, ಆದರೆ ಬರೆದವರ ಮನಸ್ಸಿನಲ್ಲಿದ್ದದ್ದು ಇದೇ ಇರಲಾರದು ಎಂಬ ಅನುಮಾನ ಬಂದರೆ ‘ವಾರ್ನಿಂಗ್’ ಎಂದು ಒಂದು ಸಾಲು ಬರೆದು ತರ್ಜುಮೆಯನ್ನು ಮುಗಿಸಿಕೊಡುತ್ತದೆ. ಪ್ರೋಗ್ರಾಂ ಚಿಪ್ಪಿಗೆ ಇಳಿಯುತ್ತದೆ, ದೀಪ ಮಿಣುಕುತ್ತದೆ, ಪಂಪೂ ಓಡುತ್ತದೆ. ಅಲಗಿನ ಮೇಲಿನ ಕೆಂಪು ಎಂದರೆ ಇದೇ.

ಮೂವತ್ತು ನಿಮಿಷ ಮೂವತ್ತು ಸೆಕೆಂಡಾಗುವ ಬಗೆ

ಮಾತಿಗಿಂತ ಲೆಕ್ಕ ಮೇಲು. ಬಾವಿಯಲ್ಲಿ ನೀರು ಕಡಮೆ ಇದೆ ಎಂದು ಇಟ್ಟುಕೊಳ್ಳೋಣ. ಪಂಪು ಅರ್ಧ ಗಂಟೆ ಓಡಬೇಕು, ಹತ್ತು ನಿಮಿಷ ನಿಲ್ಲಬೇಕು, ಅಷ್ಟರಲ್ಲಿ ಒರತೆ ತುಂಬುತ್ತದೆ, ಮತ್ತೆ ಓಡಬೇಕು. ಆರ್ಡುಯಿನೋದಲ್ಲಿ ಕಾಯುವ ಆಜ್ಞೆಗೆ ‘ಡಿಲೇ’ ಎಂದು ಹೆಸರು. ಅದಕ್ಕೆ ಸಮಯವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಕೊಡಬೇಕು. ಆದುದರಿಂದ ಬರೆಯುವವರು ಸಹಜವಾಗಿಯೇ ಅರ್ಧ ಗಂಟೆಗೆ 30 * 60 * 1000 ಎಂದೂ, ಹತ್ತು ನಿಮಿಷಕ್ಕೆ 10 * 60 * 1000 ಎಂದೂ ಬರೆಯುತ್ತಾರೆ. ಶಾಲೆಯ ಗಣಿತದಲ್ಲಿ ಇದರಲ್ಲಿ ಒಂದಿಷ್ಟೂ ತಪ್ಪಿಲ್ಲ. ಮೊದಲನೆಯದು 18 ಲಕ್ಷ, ಎರಡನೆಯದು 6 ಲಕ್ಷ.

ಆದರೆ ಈ ಚಿಪ್ಪಿನಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ ಮೀಸಲಿಟ್ಟ ಮನೆ 16 ಬಿಟ್ಟಿನದು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಹಳೆಯ ಜೀಪಿನ ಮೈಲಿ ಮೀಟರು 99,999 ಆದ ಮೇಲೆ ಮತ್ತೆ ಸೊನ್ನೆಗೆ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿಯೂ ಹಾಗೆಯೇ, ಒಂದು ಸುತ್ತು ಎಂದರೆ 65,536. 18 ಲಕ್ಷದಲ್ಲಿ ಇಂಥ 27 ಸುತ್ತು ಕಳೆದರೆ ಉಳಿಯುವುದು 30,528. ಅಂದರೆ ಅರ್ಧ ಗಂಟೆ ಓಡಬೇಕಾದ ಪಂಪು ಮೂವತ್ತೂವರೆ ಸೆಕೆಂಡು ಓಡಿ ನಿಲ್ಲುತ್ತದೆ. 6 ಲಕ್ಷದಲ್ಲಿ 9 ಸುತ್ತು ಕಳೆದರೆ 10,176. ಹತ್ತು ನಿಮಿಷದ ವಿಶ್ರಾಂತಿ ಹತ್ತು ಸೆಕೆಂಡಿಗೆ ಮುಗಿಯುತ್ತದೆ. ಒಟ್ಟಿನಲ್ಲಿ ನಲವತ್ತು ಸೆಕೆಂಡಿಗೊಮ್ಮೆ ಮೋಟಾರು ಹೊಸದಾಗಿ ಸ್ಟಾರ್ಟ್ ಆಗುತ್ತಿರುತ್ತದೆ. ಸ್ಟಾರ್ಟಿನ ಹೊತ್ತಿನಲ್ಲಿ ಮೋಟಾರು ಎಳೆಯುವ ಕರೆಂಟು ಓಟದ ಕರೆಂಟಿನ ಹಲವು ಪಟ್ಟು. ರಾತ್ರಿಯಿಡೀ ಹೀಗೆ ನಡೆದರೆ ಕಾಂಟ್ಯಾಕ್ಟರಿನ ಪಾಯಿಂಟುಗಳೂ ವೈಂಡಿಂಗೂ ಎಷ್ಟು ದಿನ ತಾಳಿಯಾವು ಎಂಬುದನ್ನು ರಿವೈಂಡಿಂಗಿಗೆ ದುಡ್ಡು ಕೊಟ್ಟವರು ಊಹಿಸಬಲ್ಲರು. ಕಾಫಿಯ ಮೊಗ್ಗಿಗೆ ನೀರು ಕೊಡುವ ದಿನಗಳಲ್ಲಿ ಹೀಗಾದರಂತೂ ನಷ್ಟ ಮೋಟಾರಿಗಷ್ಟೇ ನಿಲ್ಲದು.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ವಿಶ್ರಾಂತಿ ಹತ್ತರ ಬದಲು ಐದು ನಿಮಿಷ ಸಾಕು ಎಂದು 5 * 60 * 1000 ಎಂದು ಬದಲಾಯಿಸಿದಿರಿ ಎನ್ನಿ. ಮೂರು ಲಕ್ಷದಲ್ಲಿ ನಾಲ್ಕು ಸುತ್ತು ಕಳೆದರೆ 37,856. ಇದು 32,767 ನ್ನು ಮೀರಿದ್ದರಿಂದ ಚಿಪ್ಪಿನ ಕಣ್ಣಿಗೆ ಋಣ ಸಂಖ್ಯೆಯಾಗಿ, ಅಂದರೆ ಮೈನಸ್ 27,680 ಎಂದು ಕಾಣುತ್ತದೆ. ಡಿಲೇ ಆಜ್ಞೆಗೆ ಋಣ ಸಂಖ್ಯೆ ತಿಳಿಯದು. ಅದರ 32 ಬಿಟ್ಟಿನ ಮನೆಯೊಳಗೆ ಹೋದಾಗ ಅದೇ ಸಂಖ್ಯೆ 429 ಕೋಟಿಯಾಗಿ ಕೂರುತ್ತದೆ. ದಿನದ ಲೆಕ್ಕದಲ್ಲಿ ಹೇಳುವುದಾದರೆ 49 ದಿನಕ್ಕೂ ಹೆಚ್ಚು. ಐದು ನಿಮಿಷ ನಿಲ್ಲಬೇಕಾದ ಪಂಪು ಏಳು ವಾರ ಏಳುವುದಿಲ್ಲ. ಒಂದು ನಿಮಿಷವನ್ನು 60 * 1000 ಎಂದು ಬರೆದರೂ ಇದೇ ಗತಿ. ಓಡುವ ಸಮಯವನ್ನು ಹಾಗೆ ಬರೆದಿದ್ದರೆ ಪಂಪು ನಿಲ್ಲುವುದೇ ಇಲ್ಲ.

(ಗಣಿತ ಬಲ್ಲವರಿಗೆ ಒಂದು ಮಾತು: ಹೀಗೆ ಉಕ್ಕಿದಾಗ ಸಂಖ್ಯೆ ಸುತ್ತು ಬಂದೇ ಬರಬೇಕೆಂದು ಭಾಷೆಯ ನಿಯಮದಲ್ಲಿ ಎಲ್ಲಿಯೂ ಹೇಳಿಲ್ಲ. ಮೇಲೆ ಹೇಳಿದ್ದು ಸಾಮಾನ್ಯವಾಗಿ ಆಗುವುದು. ಇದಕ್ಕಿಂತ ಬೇರೆ ರೀತಿಯಲ್ಲಿ ಕೆಟ್ಟರೂ ಕಂಪೈಲರನ್ನು ದೂರುವಂತಿಲ್ಲ.)

ಇದನ್ನು ಬರೆದವರು ಪರೀಕ್ಷೆ ಮಾಡದೆ ಕೊಟ್ಟರೇ ಎಂದು ಕೇಳಬಹುದು. ಮಾಡಿರುತ್ತಾರೆ. ಮೇಜಿನ ಮೇಲೆ ಅರ್ಧ ಗಂಟೆ ಕಾಯುವ ತಾಳ್ಮೆ ಯಾರಿಗಿದೆ? 5 * 1000 ಎಂದು ಐದು ಸೆಕೆಂಡಿಗೆ ಹಾಕಿ ರಿಲೇ ಟಕ್ ಟಕ್ ಎನ್ನುವುದನ್ನು ನೋಡಿ ಸರಿಯಾಯಿತು ಎಂದಿರುತ್ತಾರೆ. 5,000 ಎಂಬುದು 16 ಬಿಟ್ಟಿನ ಮನೆಯಲ್ಲಿ ಸುಖವಾಗಿ ಕೂರುತ್ತದೆ. ತೋಟಕ್ಕೆ ಒಯ್ಯುವ ಮುನ್ನ ಸೆಕೆಂಡನ್ನು ನಿಮಿಷವಾಗಿ ತಿದ್ದಿದಾಗಲೇ ತಪ್ಪು ಹೊಕ್ಕಿತು. ಬೇರೆ ಬೋರ್ಡಿನಲ್ಲಿ ಪರೀಕ್ಷೆ ಮಾಡಿದ್ದರೆ ಇನ್ನೂ ತೊಡಕು. ಇಎಸ್‌ಪಿ 32 ಎಂಬ ಬೋರ್ಡಿನಲ್ಲಿ ಸಾಮಾನ್ಯ ಪೂರ್ಣಾಂಕವೇ 32 ಬಿಟ್ಟಿನದು. ಅದರಲ್ಲಿ 18 ಲಕ್ಷ ಏನೇನೂ ಅಲ್ಲ. 2023 ರಲ್ಲಿ ಬಂದ ಊನೋ ಆರ್ 4 ಬೋರ್ಡಿನದೂ 32 ಬಿಟ್ಟಿನ ಚಿಪ್ಪು. ಅದೇ ಹೆಸರಿನ ಹಳೆಯ ಊನೋ ಆರ್ 3 ರದು ಮಾತ್ರ 16 ರ ಲೆಕ್ಕ. ನೆರೆಯವರ ತೋಟದಲ್ಲಿ ಚೆನ್ನಾಗಿ ನಡೆಯುತ್ತಿರುವ ಪ್ರೋಗ್ರಾಮನ್ನು ಅಕ್ಷರ ಬದಲಿಸದೆ ತಂದು ನಮ್ಮ ಬೋರ್ಡಿಗೆ ಹಾಕಿದರೂ ಕೆಡಬಹುದೆಂಬುದು ಇದರಿಂದ ಸ್ಪಷ್ಟ.

ಇಷ್ಟೆಲ್ಲ ಆಗುವ ಮುನ್ನವೇ ಕಂಪೈಲರ್ ‘ಇಂಟಿಜರ್ ಓವರ್‌ಫ್ಲೋ ಇನ್ ಎಕ್ಸ್‌ಪ್ರೆಶನ್’ ಎಂದು, ಸಾಲಿನ ನಂಬರಿನ ಸಮೇತ, ಬರೆದು ತೋರಿಸಬಲ್ಲದು. ಈ ಗುಣಾಕಾರದಲ್ಲಿ ಸಂಖ್ಯೆ ಉಕ್ಕಿ ಹೋಗುತ್ತಿದೆ ಎಂದು ಅರ್ಥ. ಪರಿಹಾರವೂ ಸುಲಭ. 30 ರ ಬೆನ್ನಿಗೆ ಯು ಮತ್ತು ಎಲ್ ಎಂಬ ಎರಡು ಇಂಗ್ಲಿಷ್ ಅಕ್ಷರ ಸೇರಿಸಿದರೆ ಲೆಕ್ಕವೆಲ್ಲ 32 ಬಿಟ್ಟಿನ ಮನೆಯಲ್ಲಿ ನಡೆಯುತ್ತದೆ.

ಬಾಯಿ ಕಟ್ಟಿದ ಕಂಪೈಲರ್

ಹಾಗಾದರೆ ಹುಡುಗರಿಗೆ ಈ ಎಚ್ಚರಿಕೆ ಕಾಣುವುದಿಲ್ಲವೇಕೆ? ಕಾಣದಂತೆ ಇಟ್ಟಿರುವುದರಿಂದ. ಆರ್ಡುಯಿನೋ ಪ್ರೋಗ್ರಾಂ ಬರೆಯುವ ತಂತ್ರಾಂಶವನ್ನು ಹೊಸದಾಗಿ ಹಾಕಿಕೊಂಡಾಗ ಅದರಲ್ಲಿ ಕಂಪೈಲರ್ ವಾರ್ನಿಂಗ್ಸ್ ಎಂಬ ಆಯ್ಕೆ ‘ನನ್’, ಅಂದರೆ ಯಾವುದೂ ಬೇಡ, ಎಂದಿರುತ್ತದೆ. ಕಲಿಯುವವರು ಮೊದಲ ದಿನವೇ ಹೆದರದಿರಲಿ ಎಂಬ ಸದುದ್ದೇಶ ಇದ್ದಿರಬಹುದು. ಆದರೆ ದೀಪ ಮಿಣುಕಿಸಿ ಕಲಿಯುವುದು ಬೇರೆ, ಐದು ಎಚ್‌ಪಿ ಮೋಟಾರು ಓಡಿಸುವುದು ಬೇರೆ. ಫೈಲ್ ಪಟ್ಟಿಯಲ್ಲಿ ಪ್ರಿಫರೆನ್ಸಸ್ ಎಂಬುದನ್ನು ತೆರೆದರೆ ಈ ಆಯ್ಕೆ ಸಿಗುತ್ತದೆ. ನನ್, ಡಿಫಾಲ್ಟ್, ಮೋರ್, ಆಲ್ ಎಂದು ನಾಲ್ಕು ಮೆಟ್ಟಿಲು. ತೋಟಕ್ಕೆ ಹೋಗುವ ಪ್ರೋಗ್ರಾಮಿಗೆ ‘ಆಲ್’ ಅಲ್ಲದೆ ಬೇರೊಂದು ಸಲ್ಲದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೆಟ್ಟಿಲಿನಿಂದ ಮೆಟ್ಟಿಲಿಗೆ ವ್ಯತ್ಯಾಸವಿದೆ. ಮೇಲೆ ಹೇಳಿದ ಸಂಖ್ಯೆ ಉಕ್ಕುವ ಎಚ್ಚರಿಕೆ ‘ಡಿಫಾಲ್ಟ್’ನಲ್ಲಿಯೇ ಕಾಣುತ್ತದೆ. ‘ಮೋರ್’ಗೆ ಹೋದರೆ ಇನ್ನೊಂದು ಹಳೆಯ ಶತ್ರು ಕಾಣಿಸಿಕೊಳ್ಳುತ್ತದೆ. ಸಿ ಭಾಷೆಯಲ್ಲಿ ಸಮ ಚಿಹ್ನೆ ಒಂದೇ ಇದ್ದರೆ ‘ಈ ಬೆಲೆಯನ್ನು ಇಡು’ ಎಂದು, ಎರಡಿದ್ದರೆ ‘ಸಮವೇ ನೋಡು’ ಎಂದು ಅರ್ಥ. ‘ಬಾವಿಯಲ್ಲಿ ನೀರಿದ್ದರೆ’ ಎಂದು ಕೇಳುವಲ್ಲಿ ಒಂದು ಚಿಹ್ನೆ ಬಿಟ್ಟುಹೋದರೆ ಪ್ರೋಗ್ರಾಂ ನೀರಿದೆಯೇ ಎಂದು ನೋಡುವ ಬದಲು ನೀರಿದೆ ಎಂದು ತಾನೇ ಬರೆದುಕೊಂಡು, ಸರಿ, ಇದೆ ಎಂದು ಪಂಪು ಹಾಕುತ್ತದೆ. ಬಾವಿ ಬರಿದಾಗಿದ್ದರೂ ಅದಕ್ಕೆ ಸದಾ ನೀರೇ. ಬೆಲೆ ಕೊಡದೆ ಬಳಸಿದ ವೇರಿಯಬಲ್ಲುಗಳೂ ಈ ಮೆಟ್ಟಿಲಿನಲ್ಲಿ ಸಿಕ್ಕಿಬೀಳುತ್ತವೆ. ತೇವಾಂಶ ಇಷ್ಟಕ್ಕಿಂತ ಇಳಿದರೆ ನೀರು ಬಿಡು ಎಂದು ಬರೆದು, ‘ಇಷ್ಟು’ ಎಂದರೆ ಎಷ್ಟು ಎಂದು ಬರೆಯದೆ ಬಿಟ್ಟರೆ ಆ ಜಾಗದಲ್ಲಿ ಹಿಂದೆ ಯಾವ ಕಸ ಬಿದ್ದಿತ್ತೋ ಅದೇ ಲೆಕ್ಕವಾಗುತ್ತದೆ.

‘ಆಲ್’ನಲ್ಲಿ ಮಾತ್ರ ಕಾಣುವಂಥದ್ದೂ ಇದೆ. ನಾಲ್ಕು ವಾಲ್ವುಗಳನ್ನು 3, 2, 1, 0 ಎಂದು ಹಿಂದುಮುಂದಾಗಿ ಮುಚ್ಚಬೇಕು, ಎಣಿಕೆ ಸೊನ್ನೆಗಿಂತ ಕಡಮೆಯಾದಾಗ ನಿಲ್ಲಬೇಕು ಎಂದು ಬರೆದು, ಎಣಿಕೆಗೆ ‘ಬೈಟ್’ ಎಂಬ ಮನೆ ಕೊಟ್ಟರೆ ಕೆಟ್ಟಿತು. ಬೈಟಿಗೆ ಋಣ ಸಂಖ್ಯೆಯೇ ಇಲ್ಲ. ಸೊನ್ನೆಯ ಮುಂದೆ 255 ಕ್ಕೆ ಹಾರುತ್ತದೆ. ಎಣಿಕೆ ಮುಗಿಯುವುದೇ ಇಲ್ಲ. ಈ ಹೋಲಿಕೆ ಸದಾ ನಿಜವೇ ಆಗಿರುತ್ತದೆ ಎಂದು ಕಂಪೈಲರ್ ಹೇಳುತ್ತದೆ, ಕೇಳಿದವರಿಗೆ ಮಾತ್ರ.

ಮನೆಯ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಕೆಟ್ಟರೆ ಪರದೆಯ ಮೇಲೆ ಏನಾದರೊಂದು ಬರುತ್ತದೆ. ಕೆಟ್ಟ ಪ್ರೋಗ್ರಾಮನ್ನು ತಡೆದು ನಿಲ್ಲಿಸಲು ಅದರ ಮೇಲೊಂದು ವ್ಯವಸ್ಥೆ ಇರುತ್ತದೆ. ಊನೋದಂಥ ಸಣ್ಣ ಚಿಪ್ಪಿಗೆ ಪರದೆಯಿಲ್ಲ, ಮೇಲಿನವರೂ ಇಲ್ಲ. ತಪ್ಪು ಜಾಗಕ್ಕೆ ಬರೆ ಎಂದರೆ ಬರೆಯುತ್ತದೆ. ಅದರ ತಪ್ಪು ಗೊತ್ತಾಗುವುದು ತೊಟ್ಟಿ ಉಕ್ಕಿದಾಗ, ಇಲ್ಲವೇ ಸೋಗೆ ಬಾಡಿದಾಗ. ಪಂಪುಮನೆಗೆ ಯಾರೂ ದಿನವೂ ಹೋಗದಿರಲೆಂದೇ ಅಲ್ಲವೇ ಪೆಟ್ಟಿಗೆ ಹಾಕಿಸಿದ್ದು? ಆದುದರಿಂದ ಪ್ರೋಗ್ರಾಂ ಚಿಪ್ಪಿಗೆ ಇಳಿಯುವ ಮುಂಚಿನ ಆ ಕೆಲವು ಸೆಕೆಂಡುಗಳೇ ಪುಕ್ಕಟೆಯಾಗಿ ಸಿಗುವ ತಪಾಸಣೆ.

ಈ ಬಗೆಯ ತಪಾಸಣೆ ಈಚಿನದೂ ಅಲ್ಲ. 1978 ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟೀಫನ್ ಜಾನ್ಸನ್ ಎಂಬವರು ಸಿ ಭಾಷೆಯ ಬರಹದಲ್ಲಿ ಇಂಥ ಅನುಮಾನದ ಸಾಲುಗಳನ್ನು ಆರಿಸುವುದಕ್ಕೆಂದೇ ‘ಲಿಂಟ್’ ಎಂಬ ಪ್ರತ್ಯೇಕ ಪ್ರೋಗ್ರಾಂ ಬರೆದರು. ಬಟ್ಟೆಗೆ ಅಂಟುವ ನೂಲಿನ ಜುಂಗಿಗೆ ಇಂಗ್ಲಿಷಿನಲ್ಲಿ ಆ ಹೆಸರು. ಅದು ಹುಡುಕುತ್ತಿದ್ದ ಬಹಳಷ್ಟನ್ನು ಈಗ ಕಂಪೈಲರೇ ಹುಡುಕುತ್ತದೆ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಜೆರಾರ್ಡ್ ಹೋಲ್ಜ್‌ಮನ್ 2006 ರಲ್ಲಿ ಪ್ರಾಣಾಪಾಯಕ್ಕೆ ಸಂಬಂಧಪಟ್ಟ ಪ್ರೋಗ್ರಾಮುಗಳಿಗಾಗಿ ಹತ್ತು ನಿಯಮ ಬರೆದಾಗ, ಹತ್ತನೆಯದಾಗಿ ಇಟ್ಟದ್ದು ಇದನ್ನೇ: ಮೊದಲ ದಿನದಿಂದಲೇ ಎಲ್ಲ ಎಚ್ಚರಿಕೆಗಳೂ ತೆರೆದಿರಬೇಕು, ಒಂದೂ ಉಳಿಯದಂತೆ ಕಂಪೈಲ್ ಆಗಬೇಕು. ಹದಿನಾರು ಬಿಟ್ಟಿನ ಮನೆ ಎಷ್ಟು ದೊಡ್ಡವರನ್ನೂ ಬಿಡದೆಂಬುದಕ್ಕೆ 1996 ರ ಜೂನ್ 4 ರಂದು ಫ್ರೆಂಚ್ ಗಯಾನಾದ ಕುರೂವಿನಿಂದ ಹಾರಿದ ಏರಿಯಾನ್ 5 ರಾಕೆಟ್ ಸಾಕ್ಷಿ. ಹಿಂದಿನ ಏರಿಯಾನ್ 4 ರಲ್ಲಿ ಸರಿಯಾಗಿ ನಡೆದ ಪ್ರೋಗ್ರಾಮನ್ನೇ ಅದಕ್ಕೂ ಹಾಕಿದ್ದರು. ವೇಗ ಹೆಚ್ಚಾಗಿದ್ದರಿಂದ ಒಂದು ಸಂಖ್ಯೆ 16 ಬಿಟ್ಟಿನ ಮನೆಯಲ್ಲಿ ಹಿಡಿಯಲಿಲ್ಲ. ಒಂದು ನಿಮಿಷ ತುಂಬುವ ಮೊದಲೇ ರಾಕೆಟ್ ನುಚ್ಚುನೂರಾಯಿತು. ಆ ಪ್ರೋಗ್ರಾಂ ಬೇರೆ ಭಾಷೆಯದು, ಕಂಪೈಲರಿನ ಎಚ್ಚರಿಕೆಯನ್ನು ಕಡೆಗಣಿಸಿದ ಪ್ರಕರಣವೂ ಅದಲ್ಲ. ಮನೆಯ ಅಳತೆ ಮಾತ್ರ ನಮ್ಮ ಪಂಪಿನದೇ.

ಕೆಂಪನ್ನು ಒರೆಸಿದರೆ ಸಾಲದು

‘ಆಲ್’ ಎಂದು ಮಾಡಿದ ಕೂಡಲೇ ಪರದೆ ತುಂಬ ಸಾಲುಗಳು ಬರುವುದುಂಟು. ಅವುಗಳಲ್ಲಿ ಅನೇಕ ಬೇರೆಯವರು ಬರೆದುಕೊಟ್ಟ ಲೈಬ್ರರಿಗಳಿಗೆ ಸಂಬಂಧಿಸಿದವು. ಹೆದರಬೇಕಿಲ್ಲ. ಮೊದಲು ನಮ್ಮ ಪ್ರೋಗ್ರಾಮಿನ ಹೆಸರಿರುವ ಸಾಲುಗಳನ್ನು ನೋಡಿ ಒಂದೊಂದಾಗಿ ಶೂನ್ಯಕ್ಕೆ ತರಬೇಕು. ಹತ್ತು ಎಚ್ಚರಿಕೆಗಳು ಇದ್ದದ್ದೇ ಎಂದು ಬಿಟ್ಟರೆ ಹನ್ನೊಂದನೆಯದು, ಅದೇ ಮೋಟಾರು ಸುಡುವಂಥದ್ದು, ಗುಂಪಿನಲ್ಲಿ ಅಡಗಿಕೊಳ್ಳುತ್ತದೆ. ಆರಿಸಿಟ್ಟ ಕಾಫಿ ಬೀಜದ ತಟ್ಟೆಯಲ್ಲಿ ಒಂದು ಕಪ್ಪು ಬೀಜ ಬಿದ್ದರೂ ಎದ್ದು ಕಾಣುತ್ತದೆ; ಆರಿಸದ ರಾಶಿಯಲ್ಲಿ ಕಂಡೀತೇ?

ಇಲ್ಲೊಂದು ಕಳ್ಳದಾರಿಯೂ ಇದೆ, ಹೇಳಿಬಿಡುವುದು ಒಳ್ಳೆಯದು. ಕೆಲವು ಎಚ್ಚರಿಕೆಗಳನ್ನು ‘ಕಾಸ್ಟ್’ ಎಂಬ ಒಂದು ಪದ ಸೇರಿಸಿ ಬಾಯಿ ಮುಚ್ಚಿಸಬಹುದು. ನನಗೆ ಗೊತ್ತಿದೆ, ನೀನು ಸುಮ್ಮನಿರು ಎಂದು ಕಂಪೈಲರಿಗೆ ಹೇಳಿದಂತೆ. ನಿಜವಾಗಿಯೂ ಗೊತ್ತಿದ್ದು ಹಾಗೆ ಮಾಡಿದರೆ ಅಡ್ಡಿಯಿಲ್ಲ. ಗೊತ್ತಿಲ್ಲದೆ ಮಾಡಿದರೆ, ದ್ರಾವಣಕ್ಕೆ ಸುಣ್ಣ ಹಾಕದೆ ಕತ್ತಿಯನ್ನು ಬಟ್ಟೆಯಿಂದ ಒರೆಸಿಟ್ಟಂತೆ.

ಕಂಪೈಲರಿಗೂ ಕಾಣದಿರುವುದು

ಎಚ್ಚರಿಕೆ ಬರಲಿಲ್ಲವೆಂದ ಮಾತ್ರಕ್ಕೆ ಪ್ರೋಗ್ರಾಂ ಸರಿಯೆಂದು ತಿಳಿಯಬಾರದು. ಕಂಪೈಲರ್ ನೋಡುವುದು ಕಾಗದದ ಮೇಲೆ ಬರೆದದ್ದನ್ನಷ್ಟೇ. 30 * 60 * 1000 ಎಂದು ಅಂಕಿಗಳನ್ನೇ ಬರೆದರೆ ಉಕ್ಕುವುದನ್ನು ಅದು ಹೇಳುತ್ತದೆ. 30 ರ ಜಾಗದಲ್ಲಿ ಪೆಟ್ಟಿಗೆಯ ತಿರುಗಣೆಯಿಂದ ಓದಿದ ಬೆಲೆ ಬಂದರೆ ಅದು ಎಷ್ಟಿರುತ್ತದೆಂದು ಅದಕ್ಕೇನು ಗೊತ್ತು? ಸುಮ್ಮನಿರುತ್ತದೆ. ಲೆಕ್ಕ ಮಾತ್ರ ಹಾಗೆಯೇ ಉಕ್ಕುತ್ತದೆ. ನೀರಿನ ಮೀಟರಿನ ಪಲ್ಸು ಎಣಿಸಲು ಇಂಟರಪ್ಟ್ ಬಳಸುವವರು ಆ ಎಣಿಕೆಯ ವೇರಿಯಬಲ್ಲಿನ ಮುಂದೆ ‘ವೋಲಟೈಲ್’ ಎಂದು ಬರೆಯಲೇಬೇಕು; ಮರೆತರೆ ಎಚ್ಚರಿಕೆ ಬರುವುದಿಲ್ಲ, ಎಣಿಕೆ ನಿಂತಂತೆ ಕಾಣಬಹುದು. ಬಾವಿ ಬತ್ತಿದಾಗ ಪಂಪು ನಿಲ್ಲಿಸಬೇಕೆಂಬ ಸಾಲನ್ನೇ ಬರೆಯದಿದ್ದರೆ ಅದನ್ನೂ ಕಂಪೈಲರ್ ಕೇಳದು. ಆದ್ದರಿಂದ ಪ್ರೋಗ್ರಾಂ ಎಷ್ಟೇ ಚೊಕ್ಕಟವಾಗಿದ್ದರೂ ಸ್ಟಾರ್ಟರಿನ ಓವರ್‌ಲೋಡ್ ರಿಲೇ, ತೊಟ್ಟಿಯ ಫ್ಲೋಟ್ ಸ್ವಿಚ್ಚು ಇವುಗಳನ್ನು ಚಿಪ್ಪಿನ ಅಧೀನಕ್ಕೆ ಬಿಡದೆ ನೇರವಾಗಿ ಕಾಂಟ್ಯಾಕ್ಟರಿನ ಲೈನಿಗೇ ಜೋಡಿಸಿರಬೇಕು. ಈ ಕೆಲಸವನ್ನು ತಿಳಿದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಈಗಾಗಲೇ ಪೆಟ್ಟಿಗೆ ಕೂರಿಸಿಕೊಂಡವರು ಬೇಸಿಗೆಯ ನೀರಾವರಿ ಶುರುವಾಗುವ ಮುನ್ನ ಮಾಡಬಹುದಾದದ್ದು ಇಷ್ಟು. ಪ್ರೋಗ್ರಾಮಿನ ಮೂಲ ಬರಹವನ್ನು ತೆರೆಯಿಸಿ, ತಂತ್ರಾಂಶದಲ್ಲಿ ಪೆಟ್ಟಿಗೆಯ ಒಳಗಿರುವ ಬೋರ್ಡನ್ನೇ ಆರಿಸಿ, ಎಚ್ಚರಿಕೆಯನ್ನು ‘ಆಲ್’ ಮಾಡಿ ಇನ್ನೊಮ್ಮೆ ಕಂಪೈಲ್ ಮಾಡಿಸಿ ನೋಡಿರಿ. ನೆನಪಿನ ಜಾಗ ಕಡಮೆ ಉಳಿದಿದೆ ಎಂಬ ಸಾಲು ಬಂದರೆ ಅದನ್ನೂ ಹಗುರವಾಗಿ ಎಣಿಸಬಾರದು. ಊನೋದಲ್ಲಿ ಮುಕ್ಕಾಲು ಪಾಲು ಮೀರಿ ತುಂಬಿದಾಗ ಅದು ಬರುತ್ತದೆ. ಆಮೇಲೆ ಸಮಯವನ್ನು ಕಡಮೆ ಮಾಡದೆ, ನಿಜವಾದ ಅರ್ಧ ಗಂಟೆಯನ್ನೇ ಇಟ್ಟು, ಮೋಟಾರಿನ ಬದಲು ಒಂದು ಬಲ್ಬು ಜೋಡಿಸಿ ಕೈಗಡಿಯಾರ ಹಿಡಿದು ಒಂದು ಸುತ್ತು ಪೂರ್ತಿ ಕಾಯಿರಿ. ಹೊಸದಾಗಿ ಮಾಡಿಸುವವರು ಹಣ ಕೊಡುವ ಹೊತ್ತಿಗೆ ಮೂಲ ಬರಹದ ಒಂದು ಪ್ರತಿಯನ್ನೂ ಕೇಳಿ ಪಡೆದಿಟ್ಟುಕೊಳ್ಳಬೇಕು. ಚಿಪ್ಪಿಗೆ ಇಳಿದ ಮೇಲೆ ಅಲ್ಲಿರುವುದು ಬರೀ ಯಂತ್ರದ ಭಾಷೆ. ಬರೆದ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಅದರಿಂದ ಮೂಲ ಬರಹವನ್ನು ಇದ್ದಂತೆಯೇ ಹಿಂದಕ್ಕೆ ತೆಗೆಯಲು ಬರುವುದಿಲ್ಲ.